ಎಣಿಸಿದ ಕಡೆ ಕಂಡ 23 ಕೋಟಿ

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೆರಿಗೆ ವಿಭಾಗದ ನರ್ಸ್. ಈಚೆಗೆ ಸೊಮಾಲಿಯಾ ಮೂಲದ ಗರ್ಭಿಣಿಯೊಬ್ಬರನ್ನು ಪರೀಕ್ಷಿಸುವಾಗ, ಚಿಕ್ಕಂದಿನಲ್ಲೇ ಅವರ ಜನನಾಂಗವನ್ನು ಕತ್ತರಿಸಿ ಹೊಲಿದಿದ್ದನ್ನು ನೋಡಿ ತುಂಬಾ ಕಂಗೆಟ್ಟಿದ್ದಾಳೆ. ಫೋನಿನಲ್ಲಿ ಕೇಳಿದ ನನಗೂ ನಿದ್ರೆ ಬರಲಿಲ್ಲ. ಜಗತ್ತಿನಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಹೀಗೆ ಮಾಡುತ್ತಾರೆ? ಯಾವ ದೇಶಗಳಲ್ಲಿ? ನಮ್ಮ ಮನೆಯವರು "ಅದು ಅವರ ಧರ್ಮ, ನಮಗೆ ಸಂಬಂಧವಿಲ್ಲ" ಎನ್ನುತ್ತಾರೆ. ಭಾರತದಲ್ಲಿ, ನಮ್ಮ ಕಡೆ ಇದೆಯೇ? ಆ ತಾಯಿಗೆ ಹೆಣ್ಣುಮಗು ಹುಟ್ಟಿದರೆ ನನ್ನ ಮಗಳು ಏನು ಮಾಡಬೇಕು?
– ಒಬ್ಬ ತಾಯಿ, ಗೋಣಿಕೊಪ್ಪಲು

ಉತ್ತರ (ಸ್ತ್ರೀರೋಗ ತಜ್ಞೆ, ಮಡಿಕೇರಿ):

ನೀವು ಕೇಳಿದ ಅಂಕಿಯನ್ನೇ ಮೊದಲು ಹೇಳಿಬಿಡುತ್ತೇನೆ. ಯುನಿಸೆಫ್ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ಅಂದಾಜಿನಂತೆ, ಇಂದು ಬದುಕಿರುವ ಹೆಣ್ಣುಮಕ್ಕಳಲ್ಲಿ 23 ಕೋಟಿಗೂ ಹೆಚ್ಚು ಮಂದಿ ಜನನಾಂಗ ಛೇದನಕ್ಕೆ ಒಳಗಾದವರು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಗಂಡು, ಹೆಣ್ಣು, ಮಕ್ಕಳು, ಮುದುಕರು ಎಲ್ಲರನ್ನೂ ಸೇರಿಸಿದ ಆ ಸಂಖ್ಯೆಯ ಮೂರೂ ಮುಕ್ಕಾಲು ಪಟ್ಟು ಇದು. ಇವರಲ್ಲಿ 14.4 ಕೋಟಿ ಮಂದಿ ಆಫ್ರಿಕಾದಲ್ಲಿದ್ದಾರೆ, 8 ಕೋಟಿ ಏಷ್ಯಾದಲ್ಲಿ, ಸುಮಾರು 60 ಲಕ್ಷ ಮಧ್ಯಪ್ರಾಚ್ಯದಲ್ಲಿ. ಉಳಿದ ಹತ್ತಿಪ್ಪತ್ತು ಲಕ್ಷ ಮಂದಿ ಬೇರೆಡೆಯ ಸಣ್ಣ ಸಮುದಾಯಗಳವರು ಮತ್ತು ನಿಮ್ಮ ಮಗಳು ಕಂಡ ಆ ಗರ್ಭಿಣಿಯಂತೆ ವಲಸೆ ಹೋದವರು.

ಈ ಲೆಕ್ಕ ಬಂದದ್ದು ಹೇಗೆ ಎಂಬುದನ್ನೂ ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ಇದೆ. ಸಮೀಕ್ಷೆಯವರು ಮನೆಮನೆಗೆ ಹೋಗಿ, 15ರಿಂದ 49 ವರ್ಷದ ಹೆಂಗಸರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, "ನಿಮಗೆ ಇದಾಗಿದೆಯೇ? ನಿಮ್ಮ ಹೆಣ್ಣುಮಕ್ಕಳಿಗೆ ಆಗಿದೆಯೇ?" ಎಂದು ಕೇಳುತ್ತಾರೆ. ರಾಷ್ಟ್ರಮಟ್ಟದಲ್ಲಿ ಹೀಗೆ ಕೇಳಿ ಪಡೆದ ಮಾಹಿತಿ ಇರುವುದು 31 ದೇಶಗಳದ್ದು ಮಾತ್ರ. ಭಾರತ ಆ ಪಟ್ಟಿಯಲ್ಲಿಲ್ಲ. ಕಾರಣಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮಗಳು ಕಂಡದ್ದು ಇದರ ಅತ್ಯಂತ ಕ್ರೂರ ರೂಪ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಾಲ್ಕು ಬಗೆಯಾಗಿ ಗುರುತಿಸುತ್ತದೆ. ಮೊದಲನೆಯದರಲ್ಲಿ ಭಗಾಂಕುರವನ್ನು, ಅಂದರೆ ಮೂತ್ರದ್ವಾರದ ಮೇಲ್ಭಾಗದಲ್ಲಿರುವ, ಸ್ಪರ್ಶಕ್ಕೆ ಅತಿ ಸೂಕ್ಷ್ಮವಾದ ಅಂಗವನ್ನು, ಭಾಗಶಃ ಅಥವಾ ಪೂರ್ತಿಯಾಗಿ ಕತ್ತರಿಸುತ್ತಾರೆ. ಅಥವಾ ಅದರ ಮೇಲಿನ ಚರ್ಮದ ಮಡಿಕೆಯನ್ನಷ್ಟೇ ತೆಗೆಯುತ್ತಾರೆ. ಎರಡನೆಯದರಲ್ಲಿ ಅದರ ಜೊತೆಗೆ ಯೋನಿಯ ಒಳತುಟಿಗಳೂ ಹೋಗುತ್ತವೆ. ಮೂರನೆಯದರಲ್ಲಿ ತುಟಿಗಳನ್ನು ಕತ್ತರಿಸಿ, ಅಂಚುಗಳನ್ನು ಕೂಡಿಸಿ, ಮೂತ್ರಕ್ಕೂ ಮುಟ್ಟಿನ ರಕ್ತಕ್ಕೂ ಸೇರಿ ಒಂದೇ ಒಂದು ಸಣ್ಣ ರಂಧ್ರ ಉಳಿಸುತ್ತಾರೆ. ಸೊಮಾಲಿಯಾ, ಜಿಬೂಟಿ, ಸುಡಾನ್, ಎರಿಟ್ರಿಯಾ ಕಡೆ ಇದು ಹೆಚ್ಚು. ಚುಚ್ಚುವುದು, ಗೀರುವುದು, ಸುಡುವುದು ಮುಂತಾದ ಬೇರೆ ಗಾಯಗಳೆಲ್ಲ ನಾಲ್ಕನೆಯ ಬಗೆ. ಈ ಯಾವುದರಿಂದಲೂ ಆರೋಗ್ಯಕ್ಕೆ ಎಳ್ಳಷ್ಟು ಉಪಯೋಗವಿಲ್ಲ.

ಇದರ ಪರಿಣಾಮ ಮುಂದೆ ಹೆರಿಗೆಯ ಕೋಣೆಯಲ್ಲಿ ಕಾಣುತ್ತದೆ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕಾದ ಆರು ದೇಶಗಳ 28 ಹೆರಿಗೆ ಕೇಂದ್ರಗಳಲ್ಲಿ 28,393 ಹೆರಿಗೆಗಳನ್ನು ಅಧ್ಯಯನ ಮಾಡಿ ವರದಿ ಪ್ರಕಟಿಸಿತು. ಮೂರನೆಯ ಬಗೆಯ ಛೇದನಕ್ಕೆ ಒಳಗಾದ ತಾಯಂದಿರಲ್ಲಿ ಹೆರಿಗೆಯ ನಂತರದ ವಿಪರೀತ ರಕ್ತಸ್ರಾವದ ಅಪಾಯ ಉಳಿದವರಿಗಿಂತ ಶೇ 69ರಷ್ಟು ಹೆಚ್ಚಿತ್ತು. ಹುಟ್ಟುವಾಗ ಅಥವಾ ಹುಟ್ಟಿದ ಕೂಡಲೇ ಮಗು ಸಾಯುವ ಅಪಾಯ ಮೊದಲನೆಯ ಬಗೆಯಲ್ಲಿ ಶೇ 15, ಎರಡನೆಯದರಲ್ಲಿ ಶೇ 32, ಮೂರನೆಯದರಲ್ಲಿ ಶೇ 55ರಷ್ಟು ಹೆಚ್ಚು. ತಾಯಿಗೆ ಏಳನೆಯ ವಯಸ್ಸಿನಲ್ಲಿ ಆದ ಗಾಯಕ್ಕೆ ಇಪ್ಪತ್ತು ವರ್ಷಗಳ ನಂತರ ಮಗು ಬಲಿಯಾಗುತ್ತದೆ ಎಂಬ ಮಾತು ಎಷ್ಟು ಸಲ ಓದಿದರೂ ನನಗೆ ಸಹಿಸಲಾಗುವುದಿಲ್ಲ.

ಈಗ ದೇಶಗಳ ವಿಷಯ. 15ರಿಂದ 49 ವರ್ಷದ ಹೆಂಗಸರಲ್ಲಿ ಸೊಮಾಲಿಯಾದಲ್ಲಿ ಶೇ 99, ಗಿನಿಯಲ್ಲಿ ಶೇ 95, ಮಾಲಿಯಲ್ಲಿ ಶೇ 89, ಈಜಿಪ್ಟ್ ಮತ್ತು ಸುಡಾನ್‌ಗಳಲ್ಲಿ ಶೇ 87ರಷ್ಟು ಮಂದಿಗೆ ಛೇದನವಾಗಿದೆ. ಗ್ಯಾಂಬಿಯಾದಲ್ಲಿ ಶೇ 73, ಇಥಿಯೋಪಿಯಾದಲ್ಲಿ ಶೇ 65. ಇನ್ನೊಂದು ತುದಿಯಲ್ಲಿ ಘಾನಾ, ನೈಜರ್‌ಗಳಲ್ಲಿ ಶೇ 2, ಉಗಾಂಡಾದಲ್ಲಿ ಶೇ 1ಕ್ಕೂ ಕಡಿಮೆ. ಇವೆಲ್ಲ ಒಂದೇ ಖಂಡದ ದೇಶಗಳು. "ಆಫ್ರಿಕಾದವರೆಲ್ಲ ಹೀಗೆ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ದೇಶದ ಸರಾಸರಿಯೂ ಪೂರ್ತಿ ಸತ್ಯವನ್ನು ಹೇಳುವುದಿಲ್ಲ. ಕೊಡಗಿನ ಸರಾಸರಿ ಮಳೆ ಇಷ್ಟು ಇಂಚು ಎಂದು ಪತ್ರಿಕೆಯಲ್ಲಿ ಬಂದರೆ ಅದು ಭಾಗಮಂಡಲದ ಮಳೆಯೂ ಅಲ್ಲ, ಕುಶಾಲನಗರದ ಮಳೆಯೂ ಅಲ್ಲ ಎಂದು ನಮಗೆಲ್ಲ ಗೊತ್ತು. ಇಲ್ಲಿಯೂ ಹಾಗೆಯೇ. ಕೀನ್ಯಾದ 2014ರ ಸಮೀಕ್ಷೆಯಲ್ಲಿ ದೇಶದ ಸರಾಸರಿ ಶೇ 21. ಆದರೆ ಸೊಮಾಲಿ ಜನರು ಹೆಚ್ಚಾಗಿರುವ ಈಶಾನ್ಯ ಪ್ರಾಂತ್ಯದಲ್ಲಿ ಶೇ 97ಕ್ಕೂ ಹೆಚ್ಚು, ಪಶ್ಚಿಮ ಪ್ರಾಂತ್ಯದಲ್ಲಿ ಶೇ 1ಕ್ಕೂ ಕಡಿಮೆ. ಸರಕಾರ ಅದೇ, ಕಾನೂನು ಅದೇ; ಬೇರೆಯಾಗಿದ್ದದ್ದು ಕುಲ ಮತ್ತು ಕುಲದ ಕಟ್ಟಳೆ. ಇದು ದೇಶದ ಗಡಿಯನ್ನು ನೋಡಿ ನಡೆಯುವ ಆಚರಣೆಯಲ್ಲ. ಯಾವ ಬಳಗದಲ್ಲಿ ಹುಟ್ಟಿದಿರಿ, ಯಾವ ಬಳಗದಿಂದ ಗಂಡು ಬರಬೇಕು ಎಂಬುದರ ಮೇಲೆ ನಿಂತಿದೆ.

ಏಷ್ಯಾದ 8 ಕೋಟಿ ಎಂದಾಗ ಹೆಚ್ಚಿನವರು ಹುಬ್ಬೇರಿಸುತ್ತಾರೆ. ಇದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾದ್ದು. ಅಲ್ಲಿನ ಸರಕಾರದ 2013ರ ಆರೋಗ್ಯ ಸಮೀಕ್ಷೆಯಲ್ಲಿ 11 ವರ್ಷದವರೆಗಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದಾಗಿರುವುದು ಕಂಡಿತು. 2024ರಲ್ಲಿ ಅಲ್ಲಿನ ಸರಕಾರ ನಿಯಮ ಹೊರಡಿಸಿ ಇದನ್ನು ಕೊನೆಗೊಳಿಸಲು ಹೇಳಿದೆ. ನಮ್ಮ ಪಕ್ಕದ ಮಾಲ್ಡೀವ್ಸ್‌ನಲ್ಲಿ ಶೇ 13, ಯೆಮನ್‌ನಲ್ಲಿ ಶೇ 19. ಯೆಮನ್‌ನಲ್ಲಿ ಇದಕ್ಕೆ ಒಳಗಾದವರಲ್ಲಿ ಹೆಚ್ಚಿನವರಿಗೆ ಹುಟ್ಟಿದ ಮೊದಲ ವಾರದಲ್ಲೇ ಆಗಿರುತ್ತದೆ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಎಂಬೆರಾ ಎಂಬ ಮೂಲನಿವಾಸಿ ಜನರಲ್ಲೂ ಇದಿದೆ ಎಂಬುದು ಹೊರಜಗತ್ತಿಗೆ ತಿಳಿದದ್ದು 2007ರಲ್ಲಿ, ಒಂದು ಹಸುಗೂಸು ಸತ್ತ ಮೇಲೆ.

2016ರಲ್ಲಿ ಯುನಿಸೆಫ್ ಹೇಳಿದ್ದು 20 ಕೋಟಿ, ಈಗ 23 ಕೋಟಿ. ಹಾಗಾದರೆ ಹೆಚ್ಚುತ್ತಿದೆಯೇ? ಅನೇಕ ಕಡೆ ಪ್ರಮಾಣ ಇಳಿಯುತ್ತಿದೆ. ಆದರೆ ಯಾವ ದೇಶಗಳಲ್ಲಿ ಇದು ಬಲವಾಗಿ ಬೇರೂರಿದೆಯೋ ಅಲ್ಲಿಯೇ ಜನಸಂಖ್ಯೆ ವೇಗವಾಗಿ ಬೆಳೆಯುತ್ತಿದೆ. ಛೇದನಕ್ಕೆ ಒಳಗಾದವರಲ್ಲಿ ಹತ್ತಕ್ಕೆ ನಾಲ್ಕು ಮಂದಿ ಯುದ್ಧ, ಗಲಭೆಗಳಿಂದ ತತ್ತರಿಸಿರುವ ದೇಶಗಳಲ್ಲಿದ್ದಾರೆ. ಶಾಲೆಯೇ ಮುಚ್ಚಿರುವಲ್ಲಿ ತಿಳಿವಳಿಕೆ ಹೇಳುವವರು ಯಾರು? ಇನ್ನೊಂದು ಸೂಕ್ಷ್ಮವಿದೆ. ಇಂದು 45 ವರ್ಷದ ಹೆಂಗಸು ಕೊಟ್ಟ ಉತ್ತರ ನಲವತ್ತು ವರ್ಷಗಳ ಹಿಂದಿನ ಘಟನೆಯದ್ದು. ಆದ್ದರಿಂದ ದೇಶದ ಒಟ್ಟು ಅಂಕಿಗಿಂತ 15ರಿಂದ 19ರ ಹುಡುಗಿಯರ ಅಂಕಿಯನ್ನು ನೋಡಬೇಕು. ಬುರ್ಕಿನಾ ಫಾಸೊದಲ್ಲಿ ಆ ವಯಸ್ಸಿನವರಲ್ಲಿ ಮೂರು ದಶಕಗಳಲ್ಲಿ ಶೇ 80ರಿಂದ ಶೇ 30ಕ್ಕೆ ಇಳಿದಿದೆ. ಸಿಯೆರಾ ಲಿಯೋನ್‌ನಲ್ಲಿ ಶೇ 95ರಿಂದ ಶೇ 61ಕ್ಕೆ. ಸೊಮಾಲಿಯಾದಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಇನ್ನೂ ವ್ಯತ್ಯಾಸವಿಲ್ಲ. 2030ರ ಹೊತ್ತಿಗೆ ಇದನ್ನು ಕೊನೆಗಾಣಿಸುವುದಾಗಿ ಜಗತ್ತಿನ ದೇಶಗಳೆಲ್ಲ ವಿಶ್ವಸಂಸ್ಥೆಯಲ್ಲಿ ಒಪ್ಪಿವೆ. ಆ ಗುರಿ ಮುಟ್ಟಬೇಕಾದರೆ ಈಗಿನ ವೇಗ 27 ಪಟ್ಟು ಹೆಚ್ಚಬೇಕು ಎಂದು ಯುನಿಸೆಫ್ ಲೆಕ್ಕ ಹಾಕಿದೆ.

ನನ್ನ ವೃತ್ತಿಯವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಈ 23 ಕೋಟಿಯಲ್ಲಿ ಸುಮಾರು 5.2 ಕೋಟಿ ಮಂದಿಯನ್ನು ಕತ್ತರಿಸಿದ್ದು ವೈದ್ಯರು, ನರ್ಸ್‌ಗಳು, ದಾದಿಯರು. ಈಜಿಪ್ಟ್‌ನಲ್ಲಿ ಈಗಿನ ಹುಡುಗಿಯರಿಗೆ ಆಗುತ್ತಿರುವುದು ಬಹುಪಾಲು ವೈದ್ಯಕೀಯ ಸಿಬ್ಬಂದಿಯ ಕೈಯಿಂದಲೇ. "ಹೇಗೂ ಮಾಡಿಸುತ್ತಾರೆ, ಶುಚಿಯಾಗಿಯಾದರೂ ಆಗಲಿ" ಎಂಬುದು ಅವರ ಸಮರ್ಥನೆ. 2007ರಲ್ಲಿ ಅಲ್ಲಿನ ಮಿನ್ಯಾ ಪ್ರಾಂತ್ಯದ 12 ವರ್ಷದ ಹುಡುಗಿಯೊಬ್ಬಳು ಕ್ಲಿನಿಕ್ಕಿನಲ್ಲಿಯೇ ಸತ್ತಳು. ಆ ಸಾವಿನ ನಂತರವೇ ಈಜಿಪ್ಟ್ 2008ರಲ್ಲಿ ಕಾನೂನು ಮಾಡಿತು, 2016 ಮತ್ತು 2021ರಲ್ಲಿ ಶಿಕ್ಷೆಯನ್ನು ಬಿಗಿಗೊಳಿಸಿತು. ಆರೋಗ್ಯವಂತ ಮಗುವಿನ ದೇಹದ ಭಾಗವನ್ನು ಕಾರಣವಿಲ್ಲದೆ ಕತ್ತರಿಸುವುದಕ್ಕೆ ಅರಿವಳಿಕೆ ಕೊಟ್ಟ ಮಾತ್ರಕ್ಕೆ ಅದು ಚಿಕಿತ್ಸೆಯಾಗುವುದಿಲ್ಲ.

ಇನ್ನು ನಿಮ್ಮ ಮನೆಯವರ ಮಾತು. ಇದು ಯಾವುದೇ ಒಂದು ಧರ್ಮದ್ದಲ್ಲ. ಈಜಿಪ್ಟ್‌ನಲ್ಲಿ ಮುಸ್ಲಿಮರೂ ಮಾಡಿಸುತ್ತಾರೆ, ಕಾಪ್ಟಿಕ್ ಕ್ರೈಸ್ತರೂ ಮಾಡಿಸುತ್ತಾರೆ. ಕ್ರಿಸ್ತಪೂರ್ವ 163ರ ಗ್ರೀಕ್ ಪಪೈರಸ್ ದಾಖಲೆಯೊಂದರಲ್ಲಿ ಈಜಿಪ್ಟಿನ ಹುಡುಗಿಯೊಬ್ಬಳ ಛೇದನದ ಪ್ರಸ್ತಾಪವಿದೆ. ಅಂದರೆ ಈ ಎರಡೂ ಧರ್ಮಗಳು ಹುಟ್ಟುವ ಮೊದಲೇ ಇದಿತ್ತು. ಯುನಿಸೆಫ್‌ನ 2013ರ ವರದಿಯಂತೆ ನೈಜರ್‌ನಲ್ಲಿ ಕ್ರೈಸ್ತ ಹೆಂಗಸರಲ್ಲಿ ಶೇ 55 ಮಂದಿಗೆ ಆಗಿದ್ದರೆ ಮುಸ್ಲಿಂ ಹೆಂಗಸರಲ್ಲಿ ಶೇ 2 ಮಂದಿಗೆ. ಮೊರಾಕೊ, ಅಲ್ಜೀರಿಯಾ, ತುರ್ಕಿ, ಬಾಂಗ್ಲಾದೇಶದ ಮುಸ್ಲಿಮರಲ್ಲಿ ಇದು ವಾಡಿಕೆಯೇ ಅಲ್ಲ. ಕೈರೋದ ಅಲ್-ಅಝರ್ ಎಂಬ ಹೆಸರಾಂತ ಇಸ್ಲಾಮಿಕ್ ವಿದ್ಯಾಕೇಂದ್ರದ ವಿದ್ವಾಂಸರ ಮಂಡಳಿ 2007ರಲ್ಲಿ ಇದಕ್ಕೆ ಇಸ್ಲಾಂನಲ್ಲಿ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಇನ್ನು ಯೂರೋಪು ಬೆನ್ನು ತಟ್ಟಿಕೊಳ್ಳುವಂತಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಐಸಾಕ್ ಬೇಕರ್ ಬ್ರೌನ್ ಎಂಬ ಹೆಸರಾಂತ ಶಸ್ತ್ರವೈದ್ಯ ಅಪಸ್ಮಾರ, ಉನ್ಮಾದಗಳಿಗೆ ಚಿಕಿತ್ಸೆ ಎಂದು ಹೆಂಗಸರ ಭಗಾಂಕುರವನ್ನು ಕತ್ತರಿಸುತ್ತಿದ್ದ. 1867ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘ ಅವನನ್ನು ಹೊರಹಾಕಿತು.

ಮಗಳನ್ನು ಹಿಡಿದು ಕೂರಿಸುವ ತಾಯಿಗೆ ಆಕೆಯ ಮೇಲೆ ದ್ವೇಷವಿಲ್ಲ. ಮಾಡಿಸದಿದ್ದರೆ ಮದುವೆಯಾಗುವುದಿಲ್ಲ, ನೆರೆಹೊರೆಯವರು ಮನೆಗೆ ಸೇರಿಸುವುದಿಲ್ಲ, ಹುಡುಗಿ ಅಶುದ್ಧಳು ಎನ್ನುತ್ತಾರೆ, ದಾರಿ ತಪ್ಪುತ್ತಾಳೆ ಎಂಬ ಭಯ. ಆದ್ದರಿಂದಲೇ ಒಂದು ಮನೆ ಒಂಟಿಯಾಗಿ ಬಿಡುವುದು ಬಹಳ ಕಷ್ಟ. ಸೆನೆಗಲ್‌ನ ಮಲಿಕುಂಡಾ ಬಂಬಾರಾ ಎಂಬ ಹಳ್ಳಿಯ ಹೆಂಗಸರು 1997ರಲ್ಲಿ ಎಲ್ಲರೆದುರು ಇದನ್ನು ಕೈಬಿಡುವುದಾಗಿ ಘೋಷಿಸಿದರು. ಹೆಣ್ಣು ಕೊಟ್ಟು ತರುವ ಊರುಗಳು ಬಿಡದೆ ತಾವು ಮಾತ್ರ ಬಿಟ್ಟರೆ ಪ್ರಯೋಜನವಿಲ್ಲ ಎಂದು ಅರಿತ ಹದಿಮೂರು ಹಳ್ಳಿಗಳು ಮರುವರ್ಷ ಒಟ್ಟಾಗಿ ಬಂದು ಅದೇ ನಿರ್ಧಾರ ಮಾಡಿದವು. ಇಡೀ ವಿಷಯದಲ್ಲಿ ನನಗೆ ಧೈರ್ಯ ಕೊಡುವ ಸಂಗತಿ ಇದೊಂದು. ಆಫ್ರಿಕಾ ಮತ್ತು ಮಧ್ಯಪ್ರಾಚ್ಯದಲ್ಲಿ ಈ ಆಚರಣೆ ಇರುವ ದೇಶಗಳ ಜನರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಇದು ನಿಲ್ಲಬೇಕೆಂದೇ ಹೇಳುತ್ತಾರೆ.

ಜನ ಒಪ್ಪಿದರೆ ಸಾಕು, ಕಾನೂನು ಬೇಡ ಎಂದಲ್ಲ. ಗ್ಯಾಂಬಿಯಾ 2015ರಲ್ಲಿ ನಿಷೇಧಿಸಿತ್ತು. 2024ರಲ್ಲಿ ಆ ನಿಷೇಧವನ್ನೇ ತೆಗೆಯುವ ಮಸೂದೆ ಬಂತು. ಛೇದನಕ್ಕೆ ಒಳಗಾದ ಹೆಂಗಸರೇ ಮುಂದೆ ನಿಂತು ವಿರೋಧಿಸಿದರು. ಜುಲೈನಲ್ಲಿ ಅಲ್ಲಿನ ಸಂಸತ್ತು ಆ ಮಸೂದೆಯನ್ನು ತಿರಸ್ಕರಿಸಿತು.

ಭಾರತದ ಬಗ್ಗೆ ಕೇಳಿದಿರಿ. ಇದೆ. ಶಿಯಾ ಮುಸ್ಲಿಮರ ಒಂದು ಪಂಗಡವಾದ ದಾವೂದಿ ಬೊಹ್ರಾ ಸಮುದಾಯದಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಏಳು ವರ್ಷವಾದಾಗ ಖತ್ನಾ ಅಥವಾ ಖಫ್ಜ್ ಎಂಬ ಹೆಸರಿನಲ್ಲಿ ಮಾಡಿಸುತ್ತಾರೆ. ಇದನ್ನು ಹೊರಗೆ ತಂದವರು ಆ ಸಮುದಾಯದ ಹೆಣ್ಣುಮಕ್ಕಳೇ. ಸಹಿಯೋ ಎಂಬ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆನ್‌ಲೈನ್ ಸಮೀಕ್ಷೆಯಲ್ಲಿ ಉತ್ತರಿಸಿದ 385 ಬೊಹ್ರಾ ಮಹಿಳೆಯರಲ್ಲಿ ಶೇ 80 ಮಂದಿ ತಮಗೆ ಆಗಿದೆ ಎಂದರು. ಶೇ 81 ಮಂದಿ ಇದು ಮುಂದುವರಿಯಬಾರದು ಎಂದರು. ತಾವಾಗಿ ಮುಂದೆ ಬಂದವರು ಕೊಟ್ಟ ಉತ್ತರಗಳಿವು, ಆದ್ದರಿಂದ ಇಡೀ ಸಮುದಾಯದ ಪ್ರಮಾಣ ಇಷ್ಟೇ ಎಂದು ಇದರಿಂದ ಹೇಳಲಾಗದು. ಆದರೆ ಇದ್ದದ್ದನ್ನು ಇಲ್ಲ ಎನ್ನಲೂ ಆಗದು.

2017ರಲ್ಲಿ ಇದರ ವಿರುದ್ಧ ಸುಪ್ರೀಂ ಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ, ಭಾರತದಲ್ಲಿ ಇದು ಇದೆ ಎನ್ನುವುದಕ್ಕೆ ಅಧಿಕೃತ ಅಂಕಿಅಂಶ ಅಥವಾ ಅಧ್ಯಯನ ಇಲ್ಲ ಎಂದು ನ್ಯಾಯಾಲಯಕ್ಕೆ ತಿಳಿಸಿತು. ನನಗೆ ಕೋಪ ಬರುವುದು ಇಲ್ಲಿ. ಬೇರೆ ದೇಶಗಳಲ್ಲಿ ಯಾವ ಮಾದರಿಯ ಮನೆಮನೆ ಸಮೀಕ್ಷೆಯಿಂದ ಈ ಅಂಕಿಗಳು ಬಂದವೋ, ಅದೇ ಮಾದರಿಯದ್ದು ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅವರು ಕುಟುಂಬ ಯೋಜನೆಯ ಬಗ್ಗೆ ಕೇಳುತ್ತಾರೆ, ಗಂಡ ಹೊಡೆಯುತ್ತಾನೆಯೇ ಎಂದೂ ಕೇಳುತ್ತಾರೆ. ಈ ಒಂದು ಪ್ರಶ್ನೆ ಅದರಲ್ಲಿಲ್ಲ. ಕೇಳದೆ ಅಂಕಿ ಎಲ್ಲಿಂದ ಬರಬೇಕು? ಮರುವರ್ಷ ಅಟಾರ್ನಿ ಜನರಲ್ ಅವರು ನ್ಯಾಯಾಲಯದಲ್ಲಿ ಅರ್ಜಿಯನ್ನು ಬೆಂಬಲಿಸಿದರು. 2018ರ ಸೆಪ್ಟೆಂಬರ್‌ನಲ್ಲಿ ಪ್ರಕರಣ ಸಂವಿಧಾನ ಪೀಠಕ್ಕೆ ಹೋಯಿತು.

ಖತ್ನಾವನ್ನು ಸಮರ್ಥಿಸುವ ಮಹಿಳೆಯರೂ ಆ ಸಮುದಾಯದಲ್ಲಿದ್ದಾರೆ. ಚರ್ಮದ ಮಡಿಕೆಗೆ ಸಣ್ಣದಾಗಿ ತಾಗಿಸುವುದಷ್ಟೇ, ಹಾನಿಯಿಲ್ಲ, ಆಫ್ರಿಕಾದ್ದರೊಡನೆ ಹೋಲಿಸಬೇಡಿ ಎನ್ನುತ್ತಾರೆ. ಅವರ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ದಿನವೂ ಈ ಅಂಗಗಳನ್ನು ಪರೀಕ್ಷಿಸುವವಳಾಗಿ ಹೇಳುತ್ತೇನೆ: ಏಳು ವರ್ಷದ ಮಗುವಿನಲ್ಲಿ ಆ ಮಡಿಕೆ ಕೆಲವೇ ಮಿಲಿಮೀಟರ್‌. ಹೆದರಿ ಒದ್ದಾಡುವ ಮಗುವಿನ ಮೇಲೆ, ಅಂಗರಚನೆ ಓದದ ಕೈಯಲ್ಲಿನ ಬ್ಲೇಡು ಮಡಿಕೆಯಲ್ಲಿಯೇ ನಿಲ್ಲುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ನಿಂತರೂ, ಅಗತ್ಯವಿಲ್ಲದ ಗಾಯ ಗಾಯವೇ. ಇದೇ ಸಮುದಾಯದ ಪ್ರಕರಣವೊಂದರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ 2019ರಲ್ಲಿ, ಸಣ್ಣ ಗೀರು ಹಾಕಿದರೂ ಅದು ಕಾನೂನು ನಿಷೇಧಿಸಿದ ಛೇದನವೇ ಎಂದು ತೀರ್ಪು ಕೊಟ್ಟಿದೆ. ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಆದರೆ ಗಾಯಪಡಿಸುವುದು ನ್ಯಾಯ ಸಂಹಿತೆಯಲ್ಲಿ ಅಪರಾಧ. ಪೋಕ್ಸೊ ಕಾಯ್ದೆಯೂ ಅನ್ವಯಿಸಬೇಕು ಎಂಬುದು ಅರ್ಜಿದಾರರ ವಾದ.

ಕೊಡಗಿನ ಬಗ್ಗೆ ಹೇಳುವಾಗ ಎಚ್ಚರ ವಹಿಸಬೇಕು. ವಿರಾಜಪೇಟೆ, ನಾಪೋಕ್ಲು, ಸಿದ್ದಾಪುರ, ಕುಶಾಲನಗರ ಎಲ್ಲ ಕಡೆಯಿಂದಲೂ, ಎಲ್ಲ ಜಾತಿ ಮತಗಳ ಗರ್ಭಿಣಿಯರೂ, ತೋಟದ ಲೈನ್‌ಮನೆಗಳ ಕೂಲಿ ಹೆಂಗಸರೂ ನನ್ನಲ್ಲಿಗೆ ಬರುತ್ತಾರೆ. ಅವರಲ್ಲಿ ಇದನ್ನು ನಾನು ಕಂಡಿಲ್ಲ. ನನ್ನ ಈ ಉತ್ತರವನ್ನು ಓದಿ ಯಾರಾದರೂ ಪಕ್ಕದ ಮನೆಯ ಮುಸ್ಲಿಂ ಹೆಂಗಸನ್ನು ಅನುಮಾನದ ಕಣ್ಣಿನಿಂದ ನೋಡಿದರೆ ನಾನು ಬರೆದದ್ದೇ ವ್ಯರ್ಥ. ಹಾಗೆಂದು ಇದು ನಮ್ಮಿಂದ ಬಹಳ ದೂರದ ಮಾತೂ ಅಲ್ಲ. 2017ರಲ್ಲಿ ಸಹಿಯೋ ನಡೆಸಿದ ತನಿಖೆಯಲ್ಲಿ ಕಲ್ಲಿಕೋಟೆಯ ಕ್ಲಿನಿಕ್ಕೊಂದರಲ್ಲಿ ಇದನ್ನು ಮಾಡುತ್ತಿರುವುದು ಕಂಡುಬಂದಿತ್ತು. ಮಾಕುಟ್ಟ ಇಳಿದು ಕಣ್ಣೂರು, ಕಲ್ಲಿಕೋಟೆಗಳಿಗೆ ಆಸ್ಪತ್ರೆಗೆಂದು, ಮದುವೆಗೆಂದು ನಮ್ಮವರು ಹೋಗುತ್ತಲೇ ಇರುತ್ತಾರಲ್ಲ. ಯಾವ ಮಗುವಿನ ವಿಷಯದಲ್ಲಾಗಲಿ ಇಂಥ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ತೆರೆದಿರುತ್ತದೆ.

ಕೊನೆಗೆ ನಿಮ್ಮ ಮಗಳ ಕೆಲಸ. ಆ ಗರ್ಭಿಣಿಯ ಎದುರು ಬೆಚ್ಚಿಬೀಳದೆ ಇರುವುದೇ ಆಕೆ ಮಾಡಬಹುದಾದ ಮೊದಲ ಉಪಕಾರ. ಸೊಮಾಲಿಯಾದಲ್ಲಿ ತನ್ನಂತೆಯೇ ಎಲ್ಲರೂ ಇದ್ದ ಊರಿನಿಂದ ಬಂದವರಿಗೆ, ತಾನು ವಿಚಿತ್ರ ಎಂದು ಮೊದಲ ಬಾರಿಗೆ ಅನ್ನಿಸುವುದು ನರ್ಸ್‌ನ ಮುಖ ನೋಡಿದಾಗ. ಮಾತುಕತೆ ಖಾಸಗಿಯಾಗಿರಲಿ. ಗಂಡನನ್ನೋ ಅತ್ತೆಯನ್ನೋ ದುಭಾಷಿಯಾಗಿ ಕೂರಿಸಬಾರದು. ಹೊಲಿದಿರುವ ಭಾಗವನ್ನು ಹೆರಿಗೆಗೆ ಮುಂಚೆಯೇ ಅಥವಾ ಹೆರಿಗೆಯ ಸಮಯದಲ್ಲಿ ಬಿಡಿಸುವ ಸರಳ ಶಸ್ತ್ರಚಿಕಿತ್ಸೆ ಇದೆ. ಯಾವಾಗ ಎಂಬುದನ್ನು ತಾಯಿಯೊಡನೆ ಮಾತಾಡಿ ನಿರ್ಧರಿಸುತ್ತಾರೆ. ಹೆರಿಗೆಯ ನಂತರ ಮತ್ತೆ ಹೊಲಿಯಿರಿ ಎಂದು ಮನೆಯವರು ಕೇಳಿದರೆ ಒಪ್ಪುವಂತಿಲ್ಲ. ಅಲ್ಲಿ ಅದು ಅಪರಾಧ.

ಬ್ರಿಟನ್‌ನಲ್ಲಿ 1985ರಿಂದಲೇ ಕಾನೂನಿದ್ದರೂ ಮೊದಲ ಶಿಕ್ಷೆಯಾದದ್ದು 2019ರಲ್ಲಿ, ಮೂರು ವರ್ಷದ ಮಗುವಿನ ತಾಯಿಗೆ. 2015ರ ಅಕ್ಟೋಬರ್ 31ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನರ್ಸ್, ವೈದ್ಯರು, ಶಿಕ್ಷಕರು 18 ವರ್ಷದೊಳಗಿನ ಹುಡುಗಿಗೆ ಇದಾಗಿದೆ ಎಂದು ಕಂಡರೆ, ಅಥವಾ ಹುಡುಗಿಯೇ ಹೇಳಿದರೆ, ಪೊಲೀಸರಿಗೆ ತಿಳಿಸುವುದು ಕಡ್ಡಾಯ. ವಯಸ್ಕ ತಾಯಿಯ ವಿಷಯದಲ್ಲಿ ಆ ಕಡ್ಡಾಯ ಇಲ್ಲ. ಆಕೆ ಸಂತ್ರಸ್ತೆ, ಆರೋಪಿಯಲ್ಲ. ಹೆಣ್ಣುಮಗು ಹುಟ್ಟಿದರೆ ಆಸ್ಪತ್ರೆಯ ಮಕ್ಕಳ ರಕ್ಷಣಾ ತಂಡಕ್ಕೆ ಮಾಹಿತಿ ಹೋಗಬೇಕು. ಅದನ್ನು ಮುಚ್ಚಿಟ್ಟು ಮಾಡದೆ, ತಾಯಿಗೆ ಮೊದಲೇ ತಿಳಿಸಿ ಮಾಡಲು ಮಗಳಿಗೆ ಹೇಳಿ.

ಆ ತಾಯಿ ತನ್ನ ಮಗುವಿಗೆ ಬೇಡ ಎಂದೇ ನಿರ್ಧರಿಸಿರಬಹುದು. ಆದರೆ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ, ಚಿಕ್ಕಮ್ಮಂದಿರ ಒತ್ತಾಯವನ್ನು ಎದುರಿಸಬೇಕಾಗುತ್ತದೆ. ಇದಕ್ಕಾಗಿಯೇ ಬ್ರಿಟಿಷ್ ಸರಕಾರ ಒಂದು ಚಿಕ್ಕ ಪತ್ರ ಅಚ್ಚು ಹಾಕಿಸಿದೆ. ಮಗಳಿಗೆ ಹೊರದೇಶದಲ್ಲಿ ಮಾಡಿಸಿದರೂ ಬ್ರಿಟನ್‌ನಲ್ಲಿ ಜೈಲು ಶಿಕ್ಷೆ ಇದೆ ಎಂದು ಅದರಲ್ಲಿ ಬರೆದಿದೆ. ಪಾಸ್‌ಪೋರ್ಟಿನ ಜೊತೆಯಲ್ಲಿ ಇಟ್ಟುಕೊಂಡು ಹೋಗಿ ಬಂಧುಗಳಿಗೆ ತೋರಿಸಬಹುದು. "ನನಗೂ ಇಷ್ಟವಿಲ್ಲ" ಎಂದು ಹಿರಿಯರೆದುರು ಹೇಳಲಾಗದ ಹೆಂಗಸು "ಅಲ್ಲಿನ ಸರಕಾರ ಬಿಡುವುದಿಲ್ಲ" ಎಂದು ಹೇಳಬಲ್ಲಳು. ಅದು ಸೊಮಾಲಿ ಭಾಷೆಯಲ್ಲೂ ಸಿಗುತ್ತದೆ. ಆ ಗರ್ಭಿಣಿಯ ಮುಂದಿನ ತಪಾಸಣೆಯ ದಿನಕ್ಕೆ ಒಂದು ಪ್ರತಿ ತಂದಿಟ್ಟುಕೊಳ್ಳಲು ನಿಮ್ಮ ಮಗಳಿಗೆ ಇವತ್ತೇ ಫೋನ್ ಮಾಡಿ ಹೇಳಿ.